ನನ್ನ ರೊಟ್ಟಿ, ಷಡ್ಡಕನ ಬಂದರು

ನನ್ನ ಷಡ್ಡಕ ರಫ್ತುದಾರ. ಹಾಗಂತ ಅವನು ಎಲ್ಲೂ ಹೇಳಿಕೊಳ್ಳುವುದಿಲ್ಲ; ಅದೇ ನನಗೆ ತೊಂದರೆ. ಹೇಳಿಕೊಂಡು ತಿರುಗಿದ್ದರೆ ಜಂಬದ ಮನುಷ್ಯ ಎಂದು ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಹೇಳಿದ್ದು ಅವನ ಕಾಗದಪತ್ರ ನೋಡುವ ವಕೀಲರು. ಅದೂ ನನ್ನ ಖಾನಾವಳಿಯಲ್ಲೇ ಕೂತು, ನನ್ನ ಜುಣಕದ ವಡಿ ಬಾಯಿಗಿಡುತ್ತ: “ನಿಮ್ಮ ಷಡ್ಡಕರು ಈಗ ಎಕ್ಸ್‌ಪೋರ್ಟರ್, ಗೊತ್ತೈತಿಲ್ರಿ?”

ನನ್ನ ಹೆಂಡತಿಯ ತಂಗಿಯ ಗಂಡ ರಫ್ತು ಮಾಡುವುದು ಜೋಳದ ರೊಟ್ಟಿ, ಎಣ್ಣೆಗಾಯಿ ಮತ್ತು ಶೇಂಗಾ ಚಟ್ನಿ. ರಸ್ತೆಯ ಈ ಬದಿಯಿಂದ ಆ ಬದಿಗೆ. ಈ ಬದಿಗೆ ಅವನ ಅಡುಗೆಮನೆ. ಆ ಬದಿಗೆ ಹೊಸ ಬಂದರು, ಅದಕ್ಕೆ ಅಂಟಿಕೊಂಡು ಎದ್ದಿರುವ ಮುಕ್ತ ಕೈಗಾರಿಕಾ ವಲಯ. ನಾವೆಲ್ಲ ಅದನ್ನು ಝೋನ್ ಎನ್ನುತ್ತೇವೆ. ಸುಂಕದ ಕಾನೂನಿನ ಮಟ್ಟಿಗೆ ಝೋನಿನ ಗೋಡೆಯ ಒಳಗಿನ ನೆಲ ಪರದೇಶವಿದ್ದಂತೆ. ಒಳಗೆ ಹೋದದ್ದು ರಫ್ತು, ಹೊರಗೆ ಬಂದದ್ದು ಆಮದು. ಹೀಗಾಗಿ ಇಪ್ಪತ್ತೈದು ವರ್ಷ ರೊಟ್ಟಿ ಮಾರಿದ ನಾನು ಖಾನಾವಳಿಯವನಾಗಿಯೇ ಉಳಿದೆ. ನನ್ನ ಹತ್ತಿರ ರೊಟ್ಟಿ ವ್ಯಾಪಾರ ಕಲಿತವನು ಟೆಂಪೋದಲ್ಲಿ ಒಂದು ಗೇಟು ದಾಟಿ ರಫ್ತುದಾರನಾದ.

ನಮ್ಮ ಖಾನಾವಳಿ ಇರುವುದು ದಾಬೋಲಿಮ್‌ನಲ್ಲಿ, ವಿಮಾನ ನಿಲ್ದಾಣದ ರಸ್ತೆಗೆ. ಧಾರವಾಡ ಕಡೆಯಿಂದ ಬಂದ ನಮ್ಮಪ್ಪ ಶುರುಮಾಡಿದ್ದು. ಕಟ್ಟಡ ಕೆಲಸದವರು, ಲೋಡರ್‌ಗಳು, ಟ್ಯಾಕ್ಸಿಯವರು ಬರುತ್ತಾರೆ. ಗೋವಾದ ಮೀನು-ಅನ್ನ ತಿಂದು ಬೇಸತ್ತ ನಮ್ಮ ಕಡೆಯ ಬಾಯಿಗಳೆಲ್ಲ ಬರುತ್ತವೆ. ರೊಟ್ಟಿ ಬಡಿಯುವುದು ನನ್ನ ಹೆಂಡತಿ ಮತ್ತು ಕೆಲಸಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳು. ಬಡಿಸುವುದು, ಗಲ್ಲೆಯ ಮೇಲೆ ಕೂರುವುದು, ಚಿಂತೆ ಮಾಡುವುದು ನಾನು. ಮೂರನೆಯದರಲ್ಲಿ ನನ್ನ ಕೈ ಪಳಗಿದೆ. ಕೆಲವರು ತಂಬಾಕು ತಿಕ್ಕುತ್ತಾರೆ, ನಾನು ಚಿಂತೆ ತಿಕ್ಕುತ್ತೇನೆ. ವಿಮಾನವೊಂದು ತುಸು ಕೆಳಗೆ ಹಾರಿದರೆ ಸಾಕು, ಅದು ನಮ್ಮ ತಗಡಿನ ಮೇಲೇ ಬೀಳುತ್ತದೆಂದು ಒಂದು ಕ್ಷಣ ಸೌಟು ಹಿಡಿದು ನಿಲ್ಲುತ್ತೇನೆ. ಗಿರಾಕಿಗಳು “ಬೀಳೂದಿಲ್ಲ ಮಾಲಕರ, ಸಾರ್ ಹಾಕ್ರಿ” ಎನ್ನುತ್ತಾರೆ.

ಷಡ್ಡಕ ನಮ್ಮಲ್ಲಿಗೆ ಬಂದಾಗ ಅವನ ಕೈಯಲ್ಲಿ ಒಂದು ಚೀಲ, ಹಿಂದೆ ಹೆಂಡತಿ. ಗದಗಿನಲ್ಲಿದ್ದ ಮೊಬೈಲ್ ಅಂಗಡಿ ಮುಳುಗಿತ್ತು. ನಾನು ಹಿರಿಯ ಷಡ್ಡಕ, ದೊಡ್ಡಸ್ತಿಕೆ ತೋರಿಸುವ ಅವಕಾಶ ಬಿಡಲಿಲ್ಲ. ಹಿಟ್ಟಿಗೆ ನೀರು ಎಷ್ಟು ಕುದಿಯಬೇಕು, ಖಡಕ್ ರೊಟ್ಟಿ ಎಷ್ಟು ದಿನ ತಡೆಯುತ್ತದೆ, ಯಾವ ಗಿರಾಕಿಗೆ ಎರಡನೇ ಸಲ ಪಲ್ಯ ಕೇಳದೆಯೇ ಹಾಕಬೇಕು, ಎಲ್ಲ ಕಲಿಸಿದೆ. ನಾನು ಕಲಿಸದೇ ಇದ್ದದ್ದನ್ನೂ ಅವನು ಮಾಡುತ್ತಿದ್ದ. ಗಿರಾಕಿಗಳ ಜೊತೆ ನಗುತ್ತಿದ್ದ. ಎರಡು ವರ್ಷಕ್ಕೆ ವಾಸ್ಕೊದಲ್ಲಿ ತನ್ನದೊಂದು ಸಣ್ಣ ಖಾನಾವಳಿ ತೆರೆದ. ಪೂಜೆಗೆ ಹೋಗಿ, ತೆಂಗಿನಕಾಯಿ ಒಡೆದು, ಇದು ಆರು ತಿಂಗಳು ನಡೆಯುವುದಿಲ್ಲವಲ್ಲ ಎಂದು ಅವನಿಗಾಗಿ ಚಿಂತೆ ಮಾಡಿದೆ. ನಡೆಯಿತು. ಆಮೇಲೆ ನನಗಾಗಿ ಚಿಂತೆ ಮಾಡತೊಡಗಿದೆ.

ಬಂದರಿನ ಸುದ್ದಿ ನನಗೆ ಬಂದದ್ದು ಊಟದ ತಾಟಿನ ಮೇಲೆ. ಬೆಳಗಾವಿಯ ಒಬ್ಬ ಇಂಜಿನಿಯರ್ ದಿನಾ ಮಧ್ಯಾಹ್ನ ಬರುತ್ತಿದ್ದರು. ಒಂದು ದಿನ ತಾಟನ್ನೂ ತಂಬಿಗೆಯನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡಿದರು. “ನೋಡ್ರಿ, ಹಳೇ ಬಂದರು ಅಂದ್ರ ಈ ತಾಟು. ಹೂಳು ತಗದಷ್ಟೂ ಮತ್ತ ಬಂದು ಕೂಡ್ತೈತಿ. ಈಗಿನ ದೊಡ್ಡ ಹಡಗಕ್ಕ ತಾಟು ಸಾಲೂದಿಲ್ಲ, ತಂಬಿಗಿ ಬೇಕು. ಐದು ಮಜಲಿನ ಮನಿ ಮುಳುಗುವಷ್ಟು ಆಳ ಇರಬೇಕು, ಅದೂ ದಂಡಿ ಹತ್ರನ. ಅಂಥಾ ಜಾಗ ಸಿಕ್ಕೈತಿ.” ಸಮುದ್ರದೊಳಗೆ ಕಲ್ಲಿನ ಗೋಡೆ ಹಾಕಿ ತೆರೆ ತಡೆಯುತ್ತಾರೆ, ಒಳಗೆ ಹಡಗು ನಿಲ್ಲುವ ಧಕ್ಕೆ ಕಟ್ಟುತ್ತಾರೆ, ಹಿಂದೆ ಕಾರ್ಖಾನೆಗಳು ಬರುತ್ತವೆ, ಹಡಗಿನಿಂದ ಇಳಿದ ಮಾಲು ಸುಂಕವಿಲ್ಲದೆ ಅಲ್ಲೇ ತಯಾರಾಗಿ ಅಲ್ಲಿಂದಲೇ ಹಡಗು ಹತ್ತುತ್ತದೆ ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಆಳಕ್ಕ ಯಾರರ ಬಿದ್ರ?”

ಕೆಲಸ ಶುರುವಾಯಿತು. ಕೆಪೆ ಕಡೆಯ ಕ್ವಾರಿಗಳಿಂದ ಕಲ್ಲಿನ ಟ್ರಕ್ಕುಗಳು ಸಾಲುಸಾಲಾಗಿ ಹೋದವು. ಅಲೆತಡೆಗೆ ಸುರಿಯುವ ಕಲ್ಲು, ಒಂದೊಂದೂ ನಮ್ಮ ಅಡುಗೆಮನೆಯಷ್ಟು. ಹೂಳೆತ್ತುವ ಹಡಗು ಬಂತು, ಹಗಲೆಲ್ಲ ಸಮುದ್ರದ ತಳದ ಕೆಸರು ಹೀರಿ ಉಗುಳಿತು. ಬಾಗಲಕೋಟೆ, ವಿಜಯಪುರದ ಜನ ಬಂದರು, ಕಬ್ಬಿಣ ಕಟ್ಟಿದರು, ಕಾಂಕ್ರೀಟ್ ಹಾಕಿದರು. ಅವರ ಹೊಟ್ಟೆಗೆ ಹಾಕಿದವನು ನಾನು. ಆ ಧಕ್ಕೆಯ ಕಂಬಗಳಲ್ಲಿ ನನ್ನ ರೊಟ್ಟಿಯೂ ಇದೆ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಝೋನಿನ ಕೆಲಸಗಾರರ ಕ್ಯಾಂಟೀನಿಗೆ ಊಟ ಒದಗಿಸುವವರು ಬೇಕು ಎಂದು ನೋಟೀಸು ಬಂದಾಗ ಮೊದಲು ಅರ್ಜಿ ತಂದವನೂ ನಾನೇ. ತಂದೆ, ಓದಿದೆ. ಅದೇ ತಪ್ಪಾಯಿತು. ಒಂದು ಕಲಮಿನಲ್ಲಿ ‘ಯಾವುದೇ ಕಾರಣಕ್ಕೂ ಒಂದು ದಿನವೂ ತಪ್ಪಿಸುವಂತಿಲ್ಲ’ ಎಂದಿತ್ತು. ನಾನು ಕಾರಣಗಳನ್ನು ಯೋಚಿಸತೊಡಗಿದೆ. ಘಾಟಿನಲ್ಲಿ ಗುಡ್ಡ ಕುಸಿದು ಜೋಳ ಬರದಿದ್ದರೆ? ಗ್ಯಾಸ್ ಮುಗಿದರೆ? ಹಡಗುಗಳೇ ಬಾರದೆ ಬಂದರು ಮುಚ್ಚಿದರೆ? ನಾನೇ ಸತ್ತರೆ? ಸತ್ತ ದಿನ ರೊಟ್ಟಿ ಯಾರು ಒಯ್ಯುತ್ತಾರೆ ಎಂದು ಹೆಂಡತಿಯನ್ನು ಕೇಳಿದೆ. “ನೀವು ಸತ್ತ ದಿನ ನಾ ರೊಟ್ಟಿ ಬಡೀಬೇಕೇನ್ರಿ?” ಎಂದು ಅವಳು ಲಟ್ಟಣಿಗೆ ತೋರಿಸಿದಳು. ಅರ್ಜಿ ಗಲ್ಲೆಯ ಡ್ರಾದೊಳಗೆ ಹೋಯಿತು.

ಷಡ್ಡಕ ಬಂದ. “ಅಣ್ಣಾರ, ನಿಮ್ಮ ಹತ್ರ ಝೋನಿನ ಅರ್ಜಿ ಐತಂತ. ಒಂದ್ ಝೆರಾಕ್ಸ್ ತಗೋತೇನಿ, ನಡೀತೈತಲ್ರಿ?”

“ತಗೋ. ಆದ್ರ ಕಲಮು ಓದು. ಭಾಳ ಬಿಗಿ ಅದಾವ.”

ಅವನು ನನ್ನ ಕಣ್ಣೆದುರಿಗೇ ಝೆರಾಕ್ಸ್ ಪ್ರತಿಯ ಮೇಲೆ ಒಂದೊಂದೇ ಕಲಮಿನ ಎದುರು ‘ಹೌದು, ಹೌದು’ ಎಂದು ಬರೆಯುತ್ತ ಹೋದ. ಊಟಕ್ಕೆ ಕೂತವನು ಎರಡು ರೊಟ್ಟಿ ಮುಗಿಸುವುದರೊಳಗೆ ಅರ್ಜಿ ಮುಗಿಸಿದ. ತಿಂಗಳೊಪ್ಪತ್ತಿನಲ್ಲಿ ಗುತ್ತಿಗೆ ಅವನಿಗೆ ಸಿಕ್ಕಿತು. ಗೇಟಿನ ಎದುರು ಜಾಗ ಹಿಡಿದ, ಟೆಂಪೋ ತಗೊಂಡ, ಪೇಢೆ ತಂದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಪೇಢೆ ಚಲೋ ಇತ್ತು. ಅದನ್ನು ನುಂಗಲು ನಾನು ಒಂದು ಲೋಟ ನೀರು ಕುಡಿಯಬೇಕಾಯಿತು.

ಗುತ್ತಿಗೆ ದೊಡ್ಡದು, ಅವನ ಅಡುಗೆಮನೆ ಸಣ್ಣದು. ಇನ್ನೊಂದು ತಿಂಗಳಿಗೆ ಮತ್ತೆ ಬಂದ. ಈ ಸಲ ನನ್ನ ಹತ್ತಿರವಲ್ಲ, ನೇರ ಒಲೆಯ ಹತ್ತಿರ. “ಅಕ್ಕಾರ, ದಿನಾ ಮುನ್ನೂರು ರೊಟ್ಟಿ ನೀವು ಕೊಟ್ರ ನಾ ಉಳೀತೇನಿ.” ನನ್ನ ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. “ಕೊಡೂಣು ಬಿಡ್ರಿ” ಎಂದಳು. ಹೀಗೆ ಗುರು ಶಿಷ್ಯನಿಗೆ ಮಾಲು ಹಾಕುವವನಾದ. ನಾನು ಅವನಿಗೆ ಕೊಡುವಾಗ ಅದು ಬರೀ ರೊಟ್ಟಿ. ಅವನು ಗೇಟು ದಾಟಿಸುವಾಗ ರಫ್ತು.

ಒಳಗೆ ರೊಟ್ಟಿ ಇಳಿಸಿಕೊಳ್ಳಲು ಒಬ್ಬರು ಬೇಕೆಂದು ನನಗೂ ಒಂದು ಗೇಟ್‌ಪಾಸ್ ಮಾಡಿಸಿದ. ಅದರಲ್ಲಿ ನನ್ನ ಫೋಟೊ, ಕೆಳಗೆ ‘ಹೆಲ್ಪರ್’ ಎಂದು.

“ಅಣ್ಣಾರ, ಸಿಟ್ಟಾಗಬ್ಯಾಡ್ರಿ” ಅಂದ. “ಅವರ ಕಂಪ್ಯೂಟರಿನ್ಯಾಗ ಎರಡ ಜಾತಿ. ಕಾಂಟ್ರಾಕ್ಟರ್, ಇಲ್ಲಾಂದ್ರ ಹೆಲ್ಪರ್.”

“ನಂಗೇನ್ ಸಿಟ್ಟಿಲ್ಲ” ಎಂದೆ. ಪಾಸನ್ನು ಕೊರಳಿಗೆ ಹಾಕಿಕೊಂಡಾಗ ಹೆಸರಿನ ಬದಿ ಎದೆಗೆ, ಖಾಲಿ ಬದಿ ಹೊರಗೆ ಮಾಡಿಕೊಳ್ಳುತ್ತಿದ್ದೆ. ಗೇಟಿನವನು ದಿನಾ ತಿರುವಿ ಓದುತ್ತಿದ್ದ.

ಒಳಗೆ ಮಾತ್ರ ಬೇರೆಯೇ ಲೋಕ. ಕ್ಯಾಂಟೀನಿನ ಹಿಂದಿನ ಕಟ್ಟೆಯಿಂದ ಧಕ್ಕೆ ಕಾಣುತ್ತಿತ್ತು. ಮೊದಲ ಸಲ ದೊಡ್ಡ ಹಡಗು ನೋಡಿದಾಗ ಅದನ್ನು ನಾನು ಹಡಗೆಂದು ತಿಳಿಯಲಿಲ್ಲ, ಗುಡ್ಡಕ್ಕೆ ಬಣ್ಣ ಬಳಿದಿದ್ದಾರೆ ಎಂದುಕೊಂಡೆ. ಅಂಥದ್ದನ್ನು ದಂಡೆಗೆ ಒರಗಿಸಿ ನಿಲ್ಲಿಸಿದ್ದರು, ನಾವು ಸೈಕಲ್ಲನ್ನು ಗೋಡೆಗೆ ಒರಗಿಸಿದಂತೆ. ಕ್ರೇನು ಬಗ್ಗಿ ಡಬ್ಬಿ ಎತ್ತಿದ ಹಾಗೆ ಕಂಟೇನರ್ ಎತ್ತಿ ಇಡುತ್ತಿತ್ತು. ನಿಂತು ನೋಡುತ್ತಿದ್ದರೆ ಚಿಂತೆ ಮರೆಯುತ್ತಿತ್ತು. ಆಮೇಲೆ ಷಡ್ಡಕನ ನಗು ಕೇಳಿಸುತ್ತಿತ್ತು. ಕ್ಯಾಂಟೀನಿನ ಮ್ಯಾನೇಜರು, ಫೋರ್ಕ್‌ಲಿಫ್ಟಿನವರು, ಕಸಗುಡಿಸುವವರು ಎಲ್ಲರಿಗೂ ಅವನು ಬೇಕಾದವನು. ಇದೆಲ್ಲ ನನ್ನ ಡ್ರಾದಲ್ಲಿತ್ತು ಎಂದು ಆಗ ನೆನಪಾಗುತ್ತಿತ್ತು. ಎದೆಯಲ್ಲಿ ಹಸಿಮೆಣಸಿನಕಾಯಿ ಕಡಿದಂತೆ ಆಗುತ್ತಿತ್ತು.

ಆ ಉರಿಯಲ್ಲಿ ನಾನೊಂದು ಕೆಲಸ ಮಾಡಿದೆ. ಹೆಂಡತಿಗೂ ಹೇಳಲಿಲ್ಲ. ಡ್ರಾದೊಳಗಿದ್ದ ಹಳೇ ಅರ್ಜಿ ತೆಗೆದು, ಎಲ್ಲ ಕಲಮಿಗೂ ಹೌದು ಎಂದು ಬರೆದು, ಒಂದು ದಿನ ಷಡ್ಡಕ ಪಾತ್ರೆ ತೊಳೆಸುತ್ತಿದ್ದಾಗ ಮ್ಯಾನೇಜರ ಕೈಗೆ ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, ಹಿಂದಿಯಲ್ಲಿ ಹೇಳಿದರು: ಈಗ ಜಾಗವಿಲ್ಲ. ಆದರೆ ಇಂಥ ಕಡೆ ಎರಡನೇ ಹೆಸರು ಇರುವುದು ಒಳ್ಳೆಯದೇ. ನಾಳೆ ಅವನ ಪಾಸು ರದ್ದಾಗುವಂಥದ್ದೇನಾದರೂ ಆದರೆ ಮುಂದಿನವನು ನೀನು.

ಅಂದಿನಿಂದ ನನ್ನ ಚಿಂತೆಯ ದಿಕ್ಕೇ ಬದಲಾಯಿತು. ಏನಾದರೂ ಆದೀತು ಎಂದು ಹೆದರುತ್ತಿದ್ದವನು ಏನೂ ಆಗುತ್ತಿಲ್ಲವಲ್ಲ ಎಂದು ಹೆದರತೊಡಗಿದೆ. ಅವನ ಪಲ್ಯದ ಮೇಲೆ ಹಲ್ಲಿ ಹುಡುಕಿದೆ. ಟೆಂಪೋದ ಟಾಯರು ನೋಡಿದೆ. ಇಷ್ಟು ವರ್ಷ ಬೇಡವೆಂದರೂ ತಲೆಯೊಳಗೆ ಬರುತ್ತಿದ್ದ ಅಪಶಕುನಗಳು, ಬೇಕಾದಾಗ ಒಂದೂ ಬರಲಿಲ್ಲ.

ಪಂಚಮಿ ಬಂತು. ಝೋನಿನಲ್ಲಿ ಒಂದು ಗೋಡಂಬಿ ಕಾರ್ಖಾನೆ ಇದೆ. ಆಫ್ರಿಕಾದಿಂದ ಹಸಿ ಗೇರುಬೀಜ ಹಡಗಿನಲ್ಲಿ ಬರುತ್ತದೆ, ಇಲ್ಲಿ ಒಡೆದು, ಸುಲಿದು, ಆರಿಸಿ ಮತ್ತೆ ಹಡಗಿಗೆ ಹಾಕುತ್ತಾರೆ. ಅಲ್ಲಿ ಬೀಜ ಆರಿಸುವ ಹೆಣ್ಣುಮಕ್ಕಳ ಮೇಲೆ ನಿಗಾ ನೋಡುವಾಕೆ ಬಾಗಲಕೋಟೆ ಕಡೆಯವಳು. ಒಂದು ದಿನ ಊಟ ಮಾಡುತ್ತ “ಈ ರೊಟ್ಟಿ ಬಡದ ಕೈ ಯಾವ್ದು? ನಮ್ಮವ್ವನ ನೆನಪಾತು” ಎಂದಿದ್ದಳು. ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪು. ನನ್ನ ಹೆಂಡತಿ ನೋಡದ ಆ ಹೆಣ್ಣುಮಗಳನ್ನು ತಂಗಿ ಮಾಡಿಕೊಂಡಳು. ಹಬ್ಬದ ದಿನ ರೊಟ್ಟಿಯ ಬುಟ್ಟಿಗಳ ಜೊತೆ ಒಂದು ಸ್ಟೀಲಿನ ಡಬ್ಬಿ ಕೊಟ್ಟಳು, ತುಂಬ ಶೇಂಗಾ ಉಂಡಿ, ಎಳ್ಳುಂಡಿ. “ಆಕಿ ಕೈಯಾಗ ಕೊಡ್ರಿ. ಡಬ್ಬಿ ಮರೀಬ್ಯಾಡ್ರಿ, ಅಪ್ಪ ಕೊಟ್ಟಿದ್ದು.”

ಆ ಡಬ್ಬಿಯ ವಿಷಯ ಹೇಳಬೇಕು. ನಮ್ಮ ಮಾವನವರು ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಲ್ಲಿ ಒಂದೇ ಥರದ ಭಾಂಡೆ-ಪಾತ್ರೆ ಕೊಟ್ಟರು. ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು ಅವರದೇ ಹೆಸರು. ಹೀಗಾಗಿ ಡಬ್ಬಿ ನೋಡಿ ಇದು ಅಕ್ಕನ ಮನೆಯದೋ ತಂಗಿಯ ಮನೆಯದೋ ಎಂದು ಹೇಳುವಂತಿಲ್ಲ.

ಉಂಡಿ ಕೊಟ್ಟೆ. ಆಕೆ ಅಲ್ಲೇ ಒಂದು ಮುರಿದು ಬಾಯಿಗೆ ಹಾಕಿಕೊಂಡು, ಉಳಿದವನ್ನು ಸೆರಗಿಗೆ ಸುರಿದುಕೊಂಡಳು. ಆಮೇಲೆ ಡಬ್ಬಿ ಹಿಡಿದು ನಿಂತಳು. “ಅಣ್ಣಾರ, ಹಬ್ಬದ ದಿನ ಖಾಲಿ ಡಬ್ಬಿ ಹೆಂಗ ಕೊಡ್ಲಿ?”

ಈಗ ಯೋಚಿಸಿದರೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ದಿನಾ ಗೇಟಿನಲ್ಲಿ ತಪಾಸಣೆಗೆ ನಿಲ್ಲುವವನು ನಾನು. ಒಳಗಿನ ಒಂದು ಸೂಜಿ ಹೊರಬಂದರೂ ಆಮದು ಎಂದು ಊರಿಗೆಲ್ಲ ಹೇಳುವವನು ನಾನು. ಆದರೆ ಮುತ್ತೈದೆ ಮನೆಯ ಡಬ್ಬಿ ಖಾಲಿ ತಿರುಗಬಾರದು ಎನ್ನುವುದನ್ನು ನನಗೆ ಕಲಿಸಿದವಳು ನನ್ನವ್ವ, ಸುಂಕದವರಲ್ಲ. “ಖಾಲಿ ಕೊಡಬಾರದವ್ವ. ಏನರ ನಾಲ್ಕು ಕಾಳು ಹಾಕಿ ಕೊಡು” ಎಂದೆ. ಎಂದವನೇ ಹೊಸ ಹಡಗು ಬರುತ್ತಿದೆ ಎಂದು ಯಾರೋ ಕೂಗಿದ್ದಕ್ಕೆ ಕಟ್ಟೆಗೆ ಓಡಿದೆ. ಎರಡು ಟಗ್ಗು ದೋಣಿಗಳು ಗುಡ್ಡದಂಥ ಆ ಹಡಗನ್ನು, ಮದುಮಗಳನ್ನು ಅತ್ತೆಯ ಮನೆಗೆ ಕರೆತರುವಂತೆ, ಮೆಲ್ಲಗೆ ದೂಡುತ್ತ ಬರುತ್ತಿದ್ದವು. ನಾನು ಬಾಯಿ ತೆರೆದು ನೋಡುತ್ತಿದ್ದಾಗ ಆಕೆ ಡಬ್ಬಿಯನ್ನು ನಮ್ಮ ಖಾಲಿ ಪಾತ್ರೆಗಳ ಬುಟ್ಟಿಯಲ್ಲಿ ಇಟ್ಟು ಹೋಗಿದ್ದಾಳೆ.

ಮಧ್ಯಾಹ್ನ ಗೇಟಿನಲ್ಲಿ ಜಿಟಿಜಿಟಿ ಮಳೆ. ಎಂದಿನ ಕಾವಲುಗಾರನ ಪಕ್ಕ ಹೊಸ ಅಧಿಕಾರಿ, ಗೋವಾದವರೇ. ಟೆಂಪೋ ನಿಲ್ಲಿಸಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆಸಿದರು. ಖಾಲಿ, ಖಾಲಿ, ಖಾಲಿ. ಸ್ಟೀಲಿನ ಡಬ್ಬಿ ಅಲ್ಲಾಡಿಸಿದರು, ಸದ್ದಾಯಿತು. ಒಳಗೆ ಒಂದು ಹಿಡಿ ಬಿಳೀ ಗೋಡಂಬಿ ತುಣುಕು. ಆ ಹೆಣ್ಣುಮಗಳ ಕೈಗೆ ಸಿಕ್ಕ ನಾಲ್ಕು ಕಾಳು ಅಂದರೆ ಅದೇ.

“ಹೊ ಡಬೊ ಕೊಣಾಚೊ?” ಎಂದರು. ಡಬ್ಬಿ ಯಾರದು?

ಗೇಟಿನ ನಿಯಮ ನಮಗಿಬ್ಬರಿಗೂ ಬಾಯಿಪಾಠ. ಡಬ್ಬಿ ಕಾಂಟ್ರಾಕ್ಟರನದಾದರೆ ಅವನ ಪಾಸು ರದ್ದು, ಪಾಸಿನ ಜೊತೆ ಗುತ್ತಿಗೆಯೂ. ಹೆಲ್ಪರನದಾದರೆ ಹೆಲ್ಪರನ ಪಾಸು ರದ್ದು, ಕಾಂಟ್ರಾಕ್ಟರನಿಗೆ ಎಚ್ಚರಿಕೆ. ಷಡ್ಡಕ ನನ್ನ ಮುಖ ನೋಡಿದ. ನಾನು ಡಬ್ಬಿಯ ಮೇಲಿನ ಮಾವನವರ ಹೆಸರು ನೋಡಿದೆ.

ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ಅಳೆದಿದ್ದೇನೆ. ಹಿಂದಿನ ಟ್ರಕ್ಕಿನವನು ಎರಡು ಸಲ ಹಾರ್ನ್ ಹೊಡೆದ, ಅಷ್ಟು. ಅಷ್ಟರಲ್ಲಿ ನಾನು ಗೇಟಿನ ಎದುರಿನ ಅಡುಗೆಮನೆಗೆ ಹೊಸ ಬೋರ್ಡು ಬರೆಸಿದೆ, ಕಾಂಟ್ರಾಕ್ಟರ್ ಎಂಬ ಪಾಸಿಗೆ ಹೊಸ ಫೋಟೊ ತೆಗೆಸಿಕೊಂಡೆ, ಷಡ್ಡಕನಿಗೆ ಮತ್ತೆ ನಮ್ಮ ಖಾನಾವಳಿಯಲ್ಲಿ ಬಡಿಸುವ ಕೆಲಸವನ್ನೂ ಕೊಟ್ಟೆ. ಕರುಣೆಯಿಂದಲೇ ಕೊಟ್ಟೆ. ಬಾಯಿಂದ ಒಂದು ಸುಳ್ಳನ್ನೂ ಹೇಳಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು; ಯಾರೂ ಒಪ್ಪದ ಮಾಲು ಟೆಂಪೋದ ಕಾಂಟ್ರಾಕ್ಟರನ ಲೆಕ್ಕಕ್ಕೇ.

ಎರಡನೇ ಹಾರ್ನಿಗೆ ಷಡ್ಡಕ ಮುಂದೆ ಬಂದ. “ಸಾಹೇಬ್ರ, ಡಬ್ಬಿ ನಂದು” ಎಂದ.

ನನಗೆ ಏನಾಗಬೇಕಿತ್ತು? ನಾಚಿಕೆಯಾಗಬೇಕಿತ್ತು, ಕಣ್ಣು ತುಂಬಬೇಕಿತ್ತು. ಖರೇ ಹೇಳುತ್ತೇನೆ, ಆದದ್ದು ಹೊಟ್ಟೆಕಿಚ್ಚು. ಗುತ್ತಿಗೆ ಅವನದು, ಟೆಂಪೋ ಅವನದು, ರಫ್ತು ಅವನದು, ಈಗ ಒಳ್ಳೆಯತನವೂ ಅವನದೇ ಆಗಬೇಕೆ? ನನ್ನ ಮನೆಯ ಡಬ್ಬಿ, ನನ್ನ ಹೆಂಡತಿಯ ಉಂಡಿ, ನಾನು ಹೇಳಿ ಹಾಕಿಸಿದ ಕಾಳು. ಅದರ ತಪ್ಪನ್ನೂ ಇವನು ಹೊಡೆದುಕೊಂಡು ಹೋಗುತ್ತಿದ್ದಾನೆ. ಅದು ನನಗೆ ತಡೆಯಲಾಗಲಿಲ್ಲ.

“ಅವಂದಲ್ಲ!” ಎಂದು ಕೂಗಿದೆ. ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. “ಡಬ್ಬಿ ನಂದು. ನಮ್ಮ ಮನೀದು. ಇವನದೇನೂ ಸಂಬಂಧ ಇಲ್ಲ.”

“ಅಣ್ಣಾರ, ನೀವು ಸುಮ್ನಿರ್ರಿ.”

“ನೀ ಸುಮ್ನಿರು. ಎಲ್ಲಾ ನಿಂದ ಅಂತೀಯಲ್ಲ, ನಾಚಿಕಿ ಇಲ್ಲ?”

ಒಂದು ಹಿಡಿ ಗೋಡಂಬಿ ತುಣುಕಿಗಾಗಿ ಇಬ್ಬರು ನಡುವಯಸ್ಸಿನ ಗಂಡಸರು ನನ್ನದು ನನ್ನದು ಎಂದು ಮಳೆಯಲ್ಲಿ ಜಗಳಾಡುವುದನ್ನು ಆ ಅಧಿಕಾರಿ ಹಿಂದೆ ನೋಡಿರಲಿಕ್ಕಿಲ್ಲ. ಗೋಡಂಬಿ ಎಲ್ಲಿಂದ ಬಂತು ಎಂದರು. ಆ ಹೆಣ್ಣುಮಗಳ ಹೆಸರು ನನ್ನ ನಾಲಿಗೆಯ ತುದಿಗೇ ಇತ್ತು. ಮನೆಯಿಂದಲೇ ತಂದಿದ್ದೆ, ಮೆಲ್ಲಲು, ಬೆಳಿಗ್ಗೆ ತೋರಿಸಲು ಮರೆತೆ ಎಂದೆ. ಅವರು ತುಣುಕೊಂದನ್ನು ಬೆರಳಲ್ಲಿ ಹಿಡಿದು ನನ್ನನ್ನೂ ಅದನ್ನೂ ನೋಡಿದರು. ನಂಬಲಿಲ್ಲ, ಆದರೆ ಬರೆದುಕೊಂಡರು. ನನ್ನ ಪಾಸು ತೆಗೆದುಕೊಂಡು ಕತ್ತರಿಯಿಂದ ಅಡ್ಡ ಕತ್ತರಿಸಿದರು. ಷಡ್ಡಕನಿಗೆ ಎಚ್ಚರಿಕೆಯ ಕಾಗದ.

ಟೆಂಪೋ ನಮ್ಮ ಖಾನಾವಳಿಯ ಮುಂದೆ ನಿಂತಿತು, ಖಾಲಿ ಬುಟ್ಟಿ ಇಳಿಸಿಕೊಂಡು ಒಳಗೆ ಹೋದೆ.

ಎರಡು ದಿನ ಬಿಟ್ಟು ಅವನು ಮನೆಗೆ ಬಂದ. ಕೂತ, ಚಹಾ ಕುಡಿದ, ನನ್ನ ಹೆಂಡತಿಯ ಮುಂದೆ ಮಳೆಯ ಮಾತಾಡಿದ. ಅವಳು ಒಳಗೆ ಹೋದ ಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ನನ್ನ ಎದುರು ಇಟ್ಟ. “ಮ್ಯಾನೇಜರು ಕೊಟ್ರು. ಪಾಸು ರದ್ದಾದವರದು ನಡೆಯೂದಿಲ್ಲಂತ. ನಿಮ್ಮದಂತ.” ನನ್ನ ಅರ್ಜಿ. ಅಕ್ಷರ ನನ್ನದೇ, ಎಲ್ಲ ಕಲಮಿಗೂ ಹೌದು.

ಅವನು ಬೈಯಲಿ ಎಂದು ಕಾದೆ. ಬೈದರೆ ಉತ್ತರ ಕೊಡಲು ಮನಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವನು ಬಸಿಯಲ್ಲಿ ಉಳಿದ ಚಹಾ ಕುಡಿದ. ಕೊನೆಗೆ ನಾನೇ ಕೇಳಿದೆ: “ಅವತ್ತು ಡಬ್ಬಿ ನಂದು ಅಂತ ಯಾಕಂದಿ?”

“ನಮ್ಮದ ಅನ್ಕೊಂಡೆ ಅಣ್ಣಾರ. ನಮ್ಮ ಮನ್ಯಾಗೂ ಅಂಥವ ಅದಾವಲ್ಲ, ಮಾವಾರ ಹೆಸರಿನವು. ಗಡಿಬಿಡ್ಯಾಗ ಗೊತ್ತಾಗಲಿಲ್ಲ.” ಎದ್ದ. “ಮತ್ತ, ನಾಳಿಯಿಂದ ಐವತ್ತು ರೊಟ್ಟಿ ಜಾಸ್ತಿ ಬೇಕು. ಅಕ್ಕಾರಿಗೆ ಹೇಳ್ರಿ.”

ಅವನು ಹೋದ ಮೇಲೆ ನನಗೆ ಎಷ್ಟು ಹಗುರಾಯಿತೆಂದರೆ, ಒಳಗೆ ಹೋಗಿ ಅವನಂದದ್ದನ್ನು ಹೆಂಡತಿಗೆ ಹೇಳಿ ನಕ್ಕೆ. ಅವನೇನೂ ತ್ಯಾಗ ಮಾಡಿರಲಿಲ್ಲ! ಡಬ್ಬಿ ತನ್ನದೇ ಎಂದು ತಿಳಿದಿದ್ದ, ಅಷ್ಟೇ. ಗಡಿಬಿಡಿಯ ಮನುಷ್ಯ, ಕಲಮನ್ನೂ ಓದುವುದಿಲ್ಲ, ಡಬ್ಬಿಯನ್ನೂ ನೋಡುವುದಿಲ್ಲ.

ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. “ಅವ್ರ ಮನ್ಯಾಗ ಅಪ್ಪನ ಹೆಸರಿನ ಭಾಂಡೆ ಎಲ್ಲಿ ಅದಾವ್ರಿ?”

“ಅಂದ್ರ?”

“ಗದಗ ಬಿಡೂ ಮುಂದ ಎಲ್ಲಾ ಮಾರಿ ಬಂದಾರ. ಒಂದು ಚಮಚಾನೂ ಉಳದಿಲ್ಲ. ಬಂದ ದಿನಾನ ತಂಗಿ ನನ್ನ ಮುಂದ ಅತ್ತಿದ್ಲು.”

“ನನಗ ಯಾಕ ಹೇಳಲಿಲ್ಲ?”

“ನಿಮಗ ಹೇಳಿದ್ರ ನಿಮ್ಮ ಚಿಂತಿ ಸಮಾಧಾನ ಮಾಡ್ಕೋತ ನಾವು ಕೂಡ್ರಬೇಕಿತ್ತು” ಎಂದು ಮತ್ತೆ ನಾದತೊಡಗಿದಳು.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆಯಬೇಕೆಂದು ಬಹಳ ಆಸೆಯಿದೆ. ಮರುದಿನ ಬೆಳಿಗ್ಗೆ ಅವನು ಟೆಂಪೋ ತಂದು ನಿಲ್ಲಿಸಿ, ಮೊದಲಿನಂತೆಯೇ “ಅಣ್ಣಾರ, ಆರಾಮಲ್ರಿ?” ಎಂದು ನಕ್ಕಾಗ ಎದೆಯಲ್ಲಿ ಅದೇ ಹಸಿಮೆಣಸಿನಕಾಯಿ. ಮೊದಲಿಗಿಂತ ಖಾರ. ಮೊದಲು ಅವನ ಗುತ್ತಿಗೆಯೊಂದೇ ನನ್ನದಾಗಬೇಕಿತ್ತು; ಈಗ ಆ ಸುಳ್ಳು ಕೂಡ, ನಮ್ಮ ಮನ್ಯಾಗೂ ಅಂಥವ ಅದಾವ ಎಂದ ಆ ಸುಳ್ಳು, ನಾನು ಹೇಳಿದ್ದಾಗಿರಬೇಕಿತ್ತು ಅನಿಸುತ್ತದೆ.

ರೊಟ್ಟಿ ಇಳಿಸಲು ಒಬ್ಬರು ಬೇಕೇ ಬೇಕಲ್ಲ. ಈಗ ಪಾಸು ನನ್ನ ಹೆಂಡತಿಯ ಕೊರಳಲ್ಲಿದೆ. ಹೆಸರು ಹೊರಗೆ ಕಾಣುವಂತೆಯೇ ಹಾಕಿಕೊಳ್ಳುತ್ತಾಳೆ. ಬುಟ್ಟಿಗಳನ್ನು ಗೇಟಿನ ತನಕ ನಾನು ಹೊತ್ತು ಕೊಡುತ್ತೇನೆ, ಆಮೇಲೆ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಛತ್ರಿ ಮಡಚಿ ಕೂತುಕೊಳ್ಳುತ್ತೇನೆ. ಮೊನ್ನೆ ಹೊರಗೆ ಬಂದವಳ ಮುಖವೇ ಬೇರೆಯಾಗಿತ್ತು.

“ಎಷ್ಟ ದೊಡ್ಡದ್ರಿ ಆ ಹಡಗು! ನೀವು ಒಮ್ಮಿನೂ ನೆಟ್ಟಗ ಹೇಳೇ ಇಲ್ಲ.”

“ಹೇಳಿದ್ದೆ.”

“ಅದು ಮುಳುಗೂದಿಲ್ಲೇನು ಅಂತ ಕೇಳಿದ್ರಿ ಅಷ್ಟ. ಹೇಳಿದ್ದಿಲ್ಲ.” ನನ್ನ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ಹಡಗಿನ ವಿಷಯ ಹೇಳತೊಡಗಿದಳು. ಬಣ್ಣ ಯಾವುದು, ಮೇಲೆ ನಿಂತವರು ಎಷ್ಟು ಸಣ್ಣಗೆ ಕಂಡರು, ಒಬ್ಬ ಇವಳ ಕಡೆ ಕೈ ಬೀಸಿದನಂತೆ, ಇವಳೂ ಬೀಸಿದಳಂತೆ. ನಾನು ಮೂರು ತಿಂಗಳು ಆ ಕಟ್ಟೆಯ ಮೇಲೆ ನಿಂತಿದ್ದೆ. ನನ್ನ ಕಡೆ ಯಾರೂ ಕೈ ಬೀಸಿರಲಿಲ್ಲ.